ಕೆಂಡ ಆರಿಸಲು ನೀರು ಬೇಡ



ಹಾಲು ಕಾಯಿಸಿ, ಅಡುಗೆ ಮುಗಿದ ಮೇಲೆಯೂ ಮಣ್ಣಿನ ಸಿಗಡಿಯಲ್ಲಿ ಸಾಕಷ್ಟು ಕೆಂಡ ಉಳಿದಿರುತ್ತದೆ. ಅದನ್ನು ನೀವು ಏನು ಮಾಡುತ್ತೀರಿ? ಕೆಲವರು ಹಾಗೆಯೇ ಬಿಟ್ಟು ಬೂದಿ ಮಾಡುತ್ತಾರೆ. ಕೆಲವರು ಒಂದು ಚೆಂಬು ನೀರು ಸುರಿಯುತ್ತಾರೆ. ಇನ್ನು ಕೆಲವರು ಚಳಿಗಾಲದಲ್ಲಿ ಅದನ್ನೇ ಕರು ಕಟ್ಟಿದ ಕೋಣೆಯಲ್ಲಿಟ್ಟು ಬಾಗಿಲು ಹಾಕುತ್ತಾರೆ. ಮೊದಲ ಎರಡರಿಂದ ಇದ್ದಿಲು ನಷ್ಟ, ಮೂರನೆಯದರಿಂದ ಜೀವಕ್ಕೇ ಅಪಾಯ.

ಇದ್ದಿಲು ಉರಿಯಲು ಗಾಳಿ ಬೇಕು. ಗಾಳಿ ಕಟ್ಟಿದರೆ ಕೆಂಡ ತಾನಾಗಿ ಆರಿ, ಮಿಕ್ಕ ಇದ್ದಿಲು ಮರುದಿನಕ್ಕೆ ಉಳಿಯುತ್ತದೆ. ಕಲಬುರಗಿ ನಗರದಲ್ಲಿ ತಂದೂರಿ ರೊಟ್ಟಿ ಸುಡುವ ಮಣ್ಣಿನ ಭಟ್ಟಿ ನೋಡಿದ್ದೀರಲ್ಲ? ಅದರ ಮೇಲಿನ ಬಾಯಿ, ಕೆಳಗಿನ ಗಾಳಿಕಿಂಡಿ ಎರಡನ್ನೂ ಮುಚ್ಚಿದರೆ ಬೆಂಕಿ ಅಡಗುತ್ತದೆ. ಹೊರದೇಶಗಳಲ್ಲಿ ದುಬಾರಿ ಬೆಲೆಗೆ ಮಾರುವ ಪಿಂಗಾಣಿ ಇದ್ದಿಲು ಒಲೆಯ ಗುಟ್ಟೂ ಇಷ್ಟೇ.

ಸಿಗಡಿಯನ್ನು ಅಂಗಳದಲ್ಲಿಡಿ. ಹಳೆಯ ಕಬ್ಬಿಣದ ಹಂಚನ್ನು ಬಾಯಿಗೆ ಮುಚ್ಚಿ ಅಂಚಿಗೆ ಹಸಿ ಮಣ್ಣು ಮೆತ್ತಿರಿ. ಕೆಳಗಿನ ಕಿಂಡಿಗೆ ಇಟ್ಟಿಗೆ ಚೂರು ಕೊಟ್ಟು ಅದಕ್ಕೂ ಮಣ್ಣು ಹಚ್ಚಿರಿ. ಸಿಗಡಿ ಬಿರುಕು ಬಿಟ್ಟಿದ್ದರೆ ಕೆಂಡವನ್ನು ಇಕ್ಕಳದಿಂದ ತೆಗೆದು, ಮುಚ್ಚಳ ಬಿಗಿಯಾಗಿ ಕೂಡುವ ತಗಡಿನ ಡಬ್ಬಿಗೆ ಹಾಕಿರಿ. ಸಂಘಕ್ಕೆ ಹಾಲು ತರುವ ಕ್ಯಾನನ್ನು ಮಾತ್ರ ಇದಕ್ಕೆ ಬಳಸಬೇಡಿ. (ಹಾಗೆ ಕೇಳಿದವರಿದ್ದಾರೆ, ಅದಕ್ಕೇ ಬರೆದೆ.) ಬೆಳಗಿನವರೆಗೆ ಮುಚ್ಚಳ ತೆಗೆಯಬೇಡಿ. ಬಿಸಿ ಇರುವಾಗ ತಟ್ಟನೆ ತೆರೆದರೆ ಗಾಳಿ ನುಗ್ಗಿ ಜ್ವಾಲೆ ಮುಖಕ್ಕೆ ಬರಬಹುದು. ತೊಗರಿ ಕಟ್ಟಿಗೆಯ ಕೆಂಡ ಬೇಗ ಬೂದಿಯಾಗುವುದರಿಂದ ಅದನ್ನು ತಡಮಾಡದೆ ಮುಚ್ಚಬೇಕು.

ನೀರು ಹಾಕಿದರೆ ಕಾದ ಮಣ್ಣು ಸೀಳುತ್ತದೆ, ಹಬೆಗೆ ಕೈ ಸುಡುತ್ತದೆ. ನೆನೆದ ಇದ್ದಿಲು ಒಣಗುವವರೆಗೆ ಹೊತ್ತಿಕೊಳ್ಳುವುದಿಲ್ಲ.

ಇನ್ನು ಕರುವಿನ ವಿಷಯ. ಒಂದು ಜನವರಿಯ ಬೆಳಿಗ್ಗೆ ಕಮಲಾಪುರ ಹತ್ತಿರದ ಮನೆಯೊಂದಕ್ಕೆ ನನ್ನನ್ನು ಕರೆದರು. ರಾತ್ರಿಯೆಲ್ಲ ಸಿಗಡಿ ಇಟ್ಟ ಕೋಣೆಯಲ್ಲಿ ನಾಲ್ಕು ದಿನದ ದೇವಣಿ ಕರು ಕತ್ತು ಚೆಲ್ಲಿ ಬಿದ್ದಿತ್ತು. ಅಲ್ಲೇ ಮಲಗಿದ್ದ ಅಜ್ಜಿಗೆ ತಲೆನೋವು, ವಾಂತಿ. ಇಬ್ಬರನ್ನೂ ಬಯಲಿಗೆ ತಂದೆವು. ಅಜ್ಜಿಯನ್ನು ಆಸ್ಪತ್ರೆಗೆ ಕಳಿಸಿದೆವು, ಚೇತರಿಸಿಕೊಂಡರು. ಕರು ಉಳಿಯಲಿಲ್ಲ. ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೊಗೆ ಕಾಣದಿದ್ದರೆ ಭಯವಿಲ್ಲ ಎಂಬುದು ತಪ್ಪು ತಿಳಿವಳಿಕೆ. ಸಿಗಡಿಯನ್ನು ಮುಚ್ಚಿ ಆರಿಸುವಾಗಲೂ ಇದೇ ಅನಿಲ ಇರುತ್ತದೆ, ಅದಕ್ಕೇ ಅಂಗಳದಲ್ಲಿಡಿ ಎಂದದ್ದು.

ಕರುವಿಗೆ ಚಳಿ ತಾಗದಿರಲು ಮೈ ಒರೆಸಿ ಒಣಗಿಸಿ, ಕೆಳಗೆ ಒಣ ಕಣಕಿ ಹಾಸಿ, ಗೋಣಿತಾಟು ಹೊದಿಸಿರಿ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿರಿ. 25 ಕಿಲೋ ತೂಕದ ಕರುವಿಗೆ ಮೊದಲ ದಿನ ಸುಮಾರು ಎರಡೂವರೆ ಲೀಟರ್, ಎರಡು ಮೂರು ಸಲವಾಗಿ ಕೊಡಬೇಕು.

ಬೂದಿಯನ್ನು ಒಂದು ಪೂರ್ತಿ ದಿನ ತಣಿಯಲು ಬಿಟ್ಟು, ಕೈಯಿಂದ ಮುಟ್ಟಿ ನೋಡಿಯೇ ತಿಪ್ಪೆಗೆ ಹಾಕಿರಿ. ಬೂದಿಯೊಳಗೆ ಅಡಗಿದ ಒಂದು ಕಿಡಿ ಗಾಳಿಗೆ ಹಾರಿದರೆ ವರ್ಷದ ಮೇವಿನ ಬಣವೆ ಉಳಿಯುವುದಿಲ್ಲ.