ಕಲಿಸುವವರ ಬೆನ್ನಿಗೊಬ್ಬರು

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಪುಲ್ಲಂಪಾರ ಎಂಬ ಗ್ರಾಮ ಪಂಚಾಯಿತಿ ಇದೆ. ಅಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರಿಗೆ ಒಂದು ತಾಪತ್ರಯವಿತ್ತು. ಕೂಲಿ ಹಣ ಖಾತೆಗೆ ಬಿತ್ತೋ ಇಲ್ಲವೋ ಎಂದು ತಿಳಿಯಲು ಬ್ಯಾಂಕಿಗೆ ಹೋಗಿ ಸರದಿಯಲ್ಲಿ ನಿಲ್ಲಬೇಕು. ಬಂದಿಲ್ಲವೆಂದರೆ ಮತ್ತೊಂದು ದಿನ ಹೋಗಬೇಕು. ಕೂಲಿ ಬಂತೇ ಎಂದು ಕೇಳಲು ಹೋಗಿ ಆ ದಿನದ ಕೂಲಿಯನ್ನೇ ಕಳೆದುಕೊಳ್ಳುವ ಪರಿಸ್ಥಿತಿ. ಎಷ್ಟೋ ಮನೆಗಳಲ್ಲಿ ಫೋನು ಇತ್ತು, ಬಳಸುವುದು ಗೊತ್ತಿರಲಿಲ್ಲ. 2021ರಲ್ಲಿ ಪಂಚಾಯಿತಿಯವರು ಇದನ್ನೇ ಹಿಡಿದು ಹೊರಟರು. ಮನೆ ಮನೆ ಸಮೀಕ್ಷೆ ಮಾಡಿ, ಸ್ವಯಂಸೇವಕರನ್ನು ತಯಾರು ಮಾಡಿ, ಕೆಲಸದ ಜಾಗಕ್ಕೇ ಹೋಗಿ, ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಗುಂಪುಗಳಲ್ಲಿ ಕೂತು, ಬರಲಾಗದವರ ಮನೆಗೇ ನಡೆದು ಕಲಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ಪುಲ್ಲಂಪಾರವನ್ನು ರಾಜ್ಯದ ಮೊದಲ ಸಂಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯಿತಿ ಎಂದು ಘೋಷಿಸಲಾಯಿತು.

ಅದೇ ಮಾದರಿ ‘ಡಿಜಿ ಕೇರಳ’ ಎಂಬ ಹೆಸರಿನಲ್ಲಿ ಇಡೀ ರಾಜ್ಯಕ್ಕೆ ಹಬ್ಬಿತು. ಸರ್ಕಾರದ ಲೆಕ್ಕದಂತೆ ಕಲಿತು ಪರೀಕ್ಷೆ ದಾಟಿದವರು ಸುಮಾರು 21.87 ಲಕ್ಷ ಮಂದಿ, ಅವರಲ್ಲಿ ತೊಂಬತ್ತು ದಾಟಿದವರೂ ಸಾವಿರಗಟ್ಟಲೆ ಇದ್ದಾರೆ. 2025ರ ಆಗಸ್ಟ್ 21ರಂದು ಕೇರಳ ತನ್ನನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಸಾರಿಕೊಂಡಿತು. ಇಂಥ ಘೋಷಣೆಗಳಲ್ಲಿ ‘ಸಂಪೂರ್ಣ’ ಎಂಬುದನ್ನು ತುಸು ಅನುಮಾನದಿಂದಲೇ ನೋಡಬೇಕು. ನನ್ನ ಕಣ್ಣು ನಿಂತದ್ದು ಇನ್ನೊಂದು ಅಂಕಿಯ ಮೇಲೆ: ಸ್ವಯಂಸೇವಕರು ಸುಮಾರು 2.57 ಲಕ್ಷ. ಅಂದರೆ ಒಬ್ಬ ಸ್ವಯಂಸೇವಕನ ಪಾಲಿಗೆ ಸರಾಸರಿ ಎಂಟು–ಒಂಬತ್ತು ಮಂದಿ. 1990ರಲ್ಲಿ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯಾದಾಗಲೂ ಬಲವಾಗಿದ್ದದ್ದು ಹೀಗೆ ಮನೆ ಬಾಗಿಲಿಗೆ ಬಂದ ಜನರೇ.

ಇದಕ್ಕೆ ತದ್ವಿರುದ್ಧವಾದ ಒಂದು ಪ್ರಯೋಗ ಇಪ್ಪತ್ತೈದು ವರ್ಷಗಳ ಹಿಂದೆ ನಡೆದಿತ್ತು. ಟಾಟಾ ಕನ್ಸಲ್ಟೆನ್ಸಿಯನ್ನು ಕಟ್ಟಿದ ಎಫ್.ಸಿ. ಕೊಹ್ಲಿ ಅವರಿಗೆ ವಯಸ್ಕರ ಶಿಕ್ಷಣದ ನಿಧಾನಗತಿ ಸಹಿಸಲಾಗಲಿಲ್ಲ. ಕಂಪನಿಗಳು ಬದಿಗೆ ಸರಿಸಿದ ಹಳೆಯ ಕಂಪ್ಯೂಟರುಗಳನ್ನು ಹಳ್ಳಿಗೆ ಒಯ್ದು, ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ಪಾಠಗಳನ್ನೇ ಚಿತ್ರ, ಧ್ವನಿ, ಬೊಂಬೆಗಳ ಮೂಲಕ ತೋರಿಸಿದರೆ ಸುಮಾರು ನಲವತ್ತು ಗಂಟೆಯಲ್ಲಿ ಓದು ಬರುತ್ತದೆ ಎಂಬುದು ಅವರ ತಂಡದ ಲೆಕ್ಕ. ಅಕ್ಷರಮಾಲೆಯಿಂದ ಶುರು ಮಾಡದೆ ಇಡೀ ಪದವನ್ನು ಕಣ್ಣಿಗೆ ಹಿಡಿಸುವ ದಾರಿ ಅದು. 2000ದಲ್ಲಿ ಆಗಿನ ಆಂಧ್ರದ ಮೇದಕ್ ಜಿಲ್ಲೆಯ ಬೀರಂಗೂಡದಲ್ಲಿ ತೆಲುಗಿನಲ್ಲಿ ಮೊದಲು ನಡೆದು, ಆಮೇಲೆ ಬೇರೆ ಭಾಷೆಗಳಿಗೂ ಹೋಯಿತು. ತರಬೇತಾದ ಶಿಕ್ಷಕರು ಬೇಕಿಲ್ಲ, ಯಂತ್ರ ಚಾಲೂ ಮಾಡುವ ಒಬ್ಬ ಪ್ರೇರಕ ಸಾಕು ಎಂಬುದೇ ಅದರ ಹೆಚ್ಚುಗಾರಿಕೆ. ಬರೆಯುವುದನ್ನು ಸದ್ಯಕ್ಕೆ ಬದಿಗಿಟ್ಟು ಓದಿಗಷ್ಟೇ ಗಮನ ಕೊಟ್ಟದ್ದೂ ಬೇಗ ಮುಗಿಯಲೆಂದೇ.

ಒಳ್ಳೆಯ ಯೋಚನೆ, ಸಂಶಯವಿಲ್ಲ. ಆದರೆ ಸಣ್ಣ ಕೇಂದ್ರವೊಂದರಲ್ಲಿ ಕರೆಂಟು ಹೋದಾಗ, ಸ್ಪೀಕರು ಕೆಟ್ಟಾಗ, ಕಲಿಯಲು ಬಂದ ಅಜ್ಜಿ ಮೂರನೆಯ ದಿನ ಬರದೇ ಹೋದಾಗ ಉತ್ತರ ಕೊಡಬೇಕಾದವರು ಅದೇ ಪ್ರೇರಕ. ಆ ಪ್ರೇರಕನಿಗೆ ಉತ್ತರ ಹೇಳಿಕೊಡುವವರು ಯಾರು? ತಂತ್ರಜ್ಞಾನ ತರಬೇತುದಾರ ಎಂಬ ಕಸುಬು ಹುಟ್ಟುವುದು ಈ ಪ್ರಶ್ನೆಯಲ್ಲಿ. ಕಲಿಯುವವರಿಗೆ ಪಾಠ ಹೇಳುವುದು ಇವರ ಕೆಲಸವಲ್ಲ. ಹತ್ತಾರು ಸಣ್ಣ ಕೇಂದ್ರಗಳನ್ನು ಸುತ್ತಿ, ಕಲಿಸುವವರ ಪಕ್ಕದಲ್ಲಿ ಕೂತು, ಅವರ ಕೈ ಪಳಗಿಸುವುದು ಇವರ ಕೆಲಸ.

ಹೊರಗಿನಿಂದ ನೋಡಿದರೆ ಇದರಲ್ಲೇನಿದೆ ಅನಿಸುತ್ತದೆ. ನಮ್ಮ ಹಳ್ಳಿಯ ಕೇಂದ್ರಗಳಲ್ಲಿ ಕಲಿಸಲು ಬರುವವರು ಹೆಚ್ಚಾಗಿ ಪಿಯುಸಿ ಮುಗಿಸಿದ ಹುಡುಗಿ, ಸಂಘದ ಓದುಬರಹ ಬಲ್ಲ ಸದಸ್ಯೆ. ಫೋನು ಅವರಿಗೆ ನೀರು ಕುಡಿದಷ್ಟು ಸಲೀಸು. ತೊಡಕಿರುವುದೇ ಅಲ್ಲಿ. ಕಲಿಯಲು ಬಂದ ಅತ್ತೆಮ್ಮ ತಡವರಿಸುತ್ತಿದ್ದರೆ “ಕೊಡಿ ಇಲ್ಲಿ” ಎಂದು ಫೋನು ಕಿತ್ತುಕೊಂಡು ನಾಲ್ಕು ಸಲ ಮುಟ್ಟಿ ಕೆಲಸ ಮುಗಿಸಿಬಿಡುತ್ತಾರೆ. ಅತ್ತೆಮ್ಮ ಏನೂ ಕಲಿಯುವುದಿಲ್ಲ. ತರಬೇತುದಾರ ಮೊದಲು ಕಲಿಸಬೇಕಾದದ್ದು ಫೋನನ್ನು ಮುಟ್ಟದೆ ಬಾಯಲ್ಲಿ ದಾರಿ ಹೇಳುವುದನ್ನು.

ಆಮೇಲಿನವು ಇನ್ನೂ ಸೂಕ್ಷ್ಮ. ಮೆಣಸು ಅರೆದ, ಕಳೆ ಕಿತ್ತ ಬೆರಳು ಗಾಜಿನ ಪರದೆಯನ್ನು ಗುಂಡಿಯಂತೆ ಒತ್ತಿ ಹಿಡಿಯುತ್ತದೆ. ಒತ್ತಿ ಹಿಡಿದರೆ ಆ್ಯಪಿನ ಚಿತ್ರ ತೆರೆಯುವ ಬದಲು ಜಾಗ ಬಿಟ್ಟು ಅಲುಗಾಡುತ್ತದೆ, ಇಲ್ಲವೇ ಬೇರೇನೋ ಪಟ್ಟಿ ಎದ್ದು ನಿಲ್ಲುತ್ತದೆ. ‘ಕೆಡಿಸಿಬಿಟ್ಟೆ’ ಎಂದು ಹೆದರಿ ಕಲಿಯುವಾಕೆ ಫೋನು ಕೆಳಗಿಡುತ್ತಾಳೆ. ಹಗುರವಾಗಿ ತಟ್ಟಿ ಬಿಡುವುದನ್ನೇ ಒಂದು ಇಡೀ ತರಗತಿ ಮಾಡಿಸಬೇಕು. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಎಲ್ಲ ಸುಲಭ ಎಂಬುದೂ ಅರ್ಧ ಸತ್ಯ. ಈಗಷ್ಟೇ ಒತ್ತಕ್ಷರ ದಾಟಿದವರ ಮುಂದೆ ‘ದೃಢೀಕರಿಸಿ’ ಎಂದು ಬಂದು ನಿಂತರೆ ಓದಿದರೂ ಅರ್ಥ ಹೊಳೆಯುವುದಿಲ್ಲ. ಬ್ಯಾಂಕಿನ ಸಂದೇಶವಂತೂ ಬಹುಪಾಲು ಇಂಗ್ಲಿಷಿನಲ್ಲೇ ಬರುತ್ತದೆ. ಅಲ್ಲಿ ಕೊಹ್ಲಿಯವರ ದಾರಿಯೇ ಕೆಲಸಕ್ಕೆ ಬರುತ್ತದೆ: ಇಂಗ್ಲಿಷ್ ಅಕ್ಷರಮಾಲೆಯ ಗೊಡವೆ ಬೇಡ, ‘ಕ್ರೆಡಿಟ್’, ‘ಡೆಬಿಟ್’ ಎಂಬ ಎರಡು ಪದಗಳ ಆಕಾರ ಕಣ್ಣಿಗೆ ಹಿಡಿಸಿದರೆ ದುಡ್ಡು ಬಂತೋ ಹೋಯಿತೋ ತಾನೇ ತಿಳಿಯುತ್ತದೆ. ದುಡ್ಡು ಪಡೆಯಲು ಎಂದೂ ಯುಪಿಐ ಪಿನ್ ಒತ್ತಬೇಕಿಲ್ಲ, ಮೋಸ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು ಎಂಬೆರಡು ಮಾತನ್ನು ಪಾಠದ ಕೊನೆಗಿಡದೆ ಮೊದಲಿಗೇ ಹೇಳಿಕೊಡಬೇಕು.

ಮಾತಾಡಿದರೆ ಕನ್ನಡದಲ್ಲೇ ಬರೆದುಕೊಳ್ಳುವ ಸೌಲಭ್ಯದ ಬಗ್ಗೆ ಸಾಕ್ಷರತಾ ಕೇಂದ್ರಗಳವರಿಗೆ ಒಂದು ಅಳುಕಿದೆ: ಮೈಕು ಒತ್ತಿದರೆ ಸಾಕಾದಾಗ ಅಕ್ಷರ ಯಾರು ಕಲಿಯುತ್ತಾರೆ? ನನಗೆ ಇದು ಅಷ್ಟು ಸರಿ ಎನಿಸುವುದಿಲ್ಲ. ತಾನು ಆಡಿದ ಮಾತು ಅಕ್ಷರವಾಗಿ ಎದುರು ಮೂಡಿದಾಗ ಅದನ್ನು ಬೆರಳಿಟ್ಟು ಓದಿಸಿದರೆ, ಅದಕ್ಕಿಂತ ಆಪ್ತವಾದ ಪಾಠ ಯಾವ ಪುಸ್ತಕದಲ್ಲೂ ಸಿಗದು. ತಪ್ಪು ಮೂಡಿದ್ದರೆ ತಿದ್ದಿಸಬಹುದು, ಅದೂ ಪಾಠವೇ. ಯಾವಾಗ ಮೈಕು, ಯಾವಾಗ ಪೆನ್ಸಿಲು ಎಂಬ ತೀರ್ಮಾನ ಕಲಿಸುವವರಿಗೆ ಬರಬೇಕು. ಒಂದು ದಿನದ ಕಾರ್ಯಾಗಾರದಲ್ಲಿ ಅದು ಬಾರದು, ಯಾರಾದರೂ ಜೊತೆಗಿದ್ದು ನೋಡಬೇಕು.

ಕರ್ನಾಟಕದಲ್ಲಿ ಇದಕ್ಕೆ ನೆಲ ಹದವಾಗಿದೆ. 2023ರಲ್ಲಿ ಗೃಹಲಕ್ಷ್ಮಿ ಆರಂಭವಾದ ಮೇಲೆ ‘ದುಡ್ಡು ಬಂತಾ?’ ಎಂಬುದು ಹಳ್ಳಿ ಹಳ್ಳಿಯ ಹೆಂಗಸರ ಪ್ರಶ್ನೆ. ಅದನ್ನು ನೋಡಲು ಡಿಬಿಟಿ ಕರ್ನಾಟಕ ಆ್ಯಪ್ ಇದೆ. ಆದರೆ ಮಗನೋ ಸೈಬರ್ ಸೆಂಟರಿನವನೋ ನೋಡಿ ಹೇಳಬೇಕು. ಪುಲ್ಲಂಪಾರದ ಕೂಲಿಯ ಪ್ರಶ್ನೆಯೇ ಇದು, ಪಾಠ ಇಲ್ಲಿಂದಲೇ ಶುರುವಾಗಬಹುದು. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಈಗ ಅರಿವು ಕೇಂದ್ರಗಳಾಗಿವೆ. ಅಂಥವು ಐದು ಸಾವಿರಕ್ಕೂ ಹೆಚ್ಚು, ಹಲವಲ್ಲಿ ಕಂಪ್ಯೂಟರು, ಇಂಟರ್ನೆಟ್ಟೂ ಇವೆ. ಹದಿನೈದು ದಾಟಿದ ಅನಕ್ಷರಸ್ಥರಿಗಾಗಿ 2022ರಿಂದ 2027ರವರೆಗೆ ನಡೆಯುವ ಕೇಂದ್ರದ ‘ಉಲ್ಲಾಸ್’ ಯೋಜನೆಯಲ್ಲಿ ಅಕ್ಷರ, ಲೆಕ್ಕದ ಜೊತೆಗೆ ಡಿಜಿಟಲ್ ಮತ್ತು ಹಣಕಾಸಿನ ತಿಳಿವಳಿಕೆಯೂ ಸೇರಿದೆ. ಅದು ನಿಂತಿರುವುದೂ ಸಂಬಳವಿಲ್ಲದ ಸ್ವಯಂಸೇವಕರ ಮೇಲೆಯೇ.

ಜಾಗ, ಯಂತ್ರ, ಯೋಜನೆ ಮೂರೂ ಇದ್ದ ಮೇಲೆ ಉಳಿದದ್ದು ಹೋಬಳಿಗೊಬ್ಬರಂತೆ ಈ ಸುತ್ತುವ ತರಬೇತುದಾರರು. ಹೊಸ ಟ್ಯಾಬ್ಲೆಟ್ ಖರೀದಿಗೆ ಸುಲಭವಾಗಿ ಸಿಗುವ ದುಡ್ಡಿನಲ್ಲಿ ಒಂದು ಪಾಲನ್ನು ಇವರ ಸಂಬಳಕ್ಕೂ ಬಸ್ ಚಾರ್ಜಿಗೂ ತೆಗೆದಿಡುವುದು ಸರ್ಕಾರ ಮಾಡಬೇಕಾದ ಕೆಲಸ. ಅಲ್ಲಿಯವರೆಗೆ ಕಂಪ್ಯೂಟರ್ ಬಲ್ಲ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನಿಂದ ನಿವೃತ್ತರಾದವರು, ಮನೆಯಿಂದಲೇ ಕೆಲಸ ಮಾಡುವ ಐಟಿ ಹುಡುಗರು ತಮ್ಮೂರಿನ ಅರಿವು ಕೇಂದ್ರದ ಮೇಲ್ವಿಚಾರಕರನ್ನು ಒಮ್ಮೆ ಮಾತಾಡಿಸಿ, ಕಲಿಸುವವರಿಗೆ ಏನು ತೊಡಕಾಗುತ್ತಿದೆ ಎಂದು ಕೇಳಲಿ. ವಾರಕ್ಕೆ ಒಂದೆರಡು ಗಂಟೆ ಕೊಟ್ಟರೂ ಸಾಕು.