ಪಾಲೆಯ ಕಷಾಯ ಮತ್ತು ಪ್ರಯೋಗಶಾಲೆ

ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯೆಂದರೆ ಕಹಿಯ ಹಬ್ಬ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಡೆಯುವ ಈ ಮಳೆಯ ತಿಂಗಳಲ್ಲಿ, ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಮನೆಯ ಗಂಡಸೊಬ್ಬ ಪಾಲೆಯ ಮರದ ಬುಡಕ್ಕೆ ಹೋಗಿ, ಕತ್ತಿಯನ್ನು ತಾಗಿಸದೆ, ಕಲ್ಲಿನಿಂದಲೇ ಜಜ್ಜಿ ತೊಗಟೆಯನ್ನು ಎಬ್ಬಿಸಿ ತರುತ್ತಾನೆ. ತುಳುವಿನಲ್ಲಿ ಅದು ಪಾಲೆದ ಕೆತ್ತೆ. ಅದನ್ನು ಕರಿಮೆಣಸು, ಬೆಳ್ಳುಳ್ಳಿ, ಓಮಗಳೊಡನೆ ಅರೆದು, ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದಿ, ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಆಮೇಲೆ, ಉಷ್ಣ ತಣಿಯಲೆಂದು, ಮೆಂತೆಯ ಗಂಜಿ.

ಆ ಒಂದು ದಿನ ಆ ಮರದಲ್ಲಿ ಸಾವಿರದೊಂದು ಔಷಧಗಳು ಬಂದು ಸೇರುತ್ತವೆಯೆಂಬುದು ಹಿರಿಯರ ಮಾತು. ಮೂಡಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಬೆಳುವಾಯಿಯಲ್ಲಿ, ರಸಾಯನಶಾಸ್ತ್ರ ಕಲಿಸುವವನೆಂಬ ಒಂದೇ ಕಾರಣಕ್ಕೆ, ಪ್ರತಿವರ್ಷವೂ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ: "ಹೌದಾ ಮಾಷ್ಟ್ರೇ, ನೀವು ಪರೀಕ್ಷೆ ಮಾಡಿ ನೋಡಿದ್ದೀರಾ?" ಈ ಪ್ರಶ್ನೆಗೆ ಹೌದು ಎಂದಾಗಲಿ ಅಲ್ಲ ಎಂದಾಗಲಿ ಒಂದೇ ಮಾತಿನಲ್ಲಿ ಉತ್ತರಿಸುವುದು ಸಾಧ್ಯವಿಲ್ಲ. ಪರೀಕ್ಷೆ ಎಂಬ ಮಾತಿನೊಳಗೆ ಮೂರು ನಾಲ್ಕು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ.

ಮೊದಲನೆಯದು ಸುಲಭದ್ದು: ತೊಗಟೆಯಲ್ಲಿ ಏನಿದೆ? ನೆರಳಿನಲ್ಲಿ ಒಣಗಿಸಿದ ತೊಗಟೆಯ ಪುಡಿಯಿಂದ ಸಾರವನ್ನು ತೆಗೆದು, ಅದರ ಕೆಲವು ಹನಿಗಳಿಗೆ ಮೇಯರನ ದ್ರಾವಣವನ್ನು ಬೆರೆಸಿದರೆ ಕೆನೆಬಣ್ಣದ ಗಸಿ ನಿಲ್ಲುತ್ತದೆ; ಡ್ರಾಗೆನ್‌ಡಾರ್ಫನ ದ್ರಾವಣಕ್ಕೆ ಅದು ಕಿತ್ತಳೆಗೆಂಪಾಗುತ್ತದೆ. ಎರಡೂ ಆಲ್ಕಲಾಯ್ಡುಗಳ ಕುರುಹು. ಪಾಲೆಯ ಕಹಿಯೆಲ್ಲ ಬಹುಮಟ್ಟಿಗೆ ಇವುಗಳದೇ. ಇವುಗಳಲ್ಲಿ ಮುಖ್ಯವಾದ ಎಕಿಟಮೀನ್ ಎಂಬುದನ್ನು ರಸಾಯನಜ್ಞರು 19ನೆಯ ಶತಮಾನದಲ್ಲಿಯೇ ಬೇರ್ಪಡಿಸಿದ್ದರು. ಮಲೇರಿಯಾಕ್ಕೆ ಕ್ವಿನೈನಿನ ಬದಲು ಈ ತೊಗಟೆಯನ್ನೇ ಕೊಡಬಹುದೆಂಬ ಆಸೆ ಆ ಕಾಲದ ವೈದ್ಯರಲ್ಲಿ ಕೆಲವರಿಗಿತ್ತು. ಆ ಆಸೆ ಕೈಗೂಡಲಿಲ್ಲ. ಎಕಿಟಮೀನ್ ಲವಣರೂಪದಲ್ಲಿ ನೀರಿನಲ್ಲಿ ಕರಗುವಂಥದು. ಆದುದರಿಂದ ಮೆಥನಾಲನ್ನು ಕಾಣದ ನಮ್ಮ ಅಡುಗೆಮನೆಯ ಅರೆಯುವ ಕಲ್ಲಿಗೂ ಅದು ಸಿಕ್ಕಿಯೇ ಸಿಗುತ್ತದೆ.

ಸಾರಕ್ಕೆ ಫೆರಿಕ್ ಕ್ಲೋರೈಡನ್ನು, ಎಂದರೆ ಕಬ್ಬಿಣದ ಲವಣವನ್ನು, ಹಾಕಿ ಫಿನಾಲುಗಳನ್ನು ಗುರುತಿಸುವುದೂ ಉಂಟು. ಅವು ಇದ್ದರೆ ದ್ರಾವಣ ಹಸುರಿಗೋ ಕಡುನೀಲಿಗೋ ತಿರುಗುತ್ತದೆ. ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಸಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದಲೇ. ಕತ್ತಿ ತಾಗಿಸಬಾರದೆಂಬ ಕಟ್ಟಳೆಗೆ ಇದೇ ಕಾರಣವೆಂದು ಉತ್ಸಾಹದಿಂದ ಬರೆಯುವವರಿದ್ದಾರೆ. ಇರಬಹುದು, ಆದರೆ ಹೋಲಿಕೆ ಕಂಡಲ್ಲೆಲ್ಲ ಪೂರ್ವಜರ ತಲೆಗೆ ವಿಜ್ಞಾನದ ಪೇಟ ಸುತ್ತುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯ ಪ್ರಶ್ನೆ ಇತ್ತೀಚಿನದು. ಆ್ಯಂಟಿಆಕ್ಸಿಡೆಂಟ್ ಎಂಬ ಮಾತು ಈಗ ಚಹದ ಪೊಟ್ಟಣದ ಮೇಲೂ ಇದೆ. ಇದರ ಪರೀಕ್ಷೆ ನೋಡಲು ಬಹಳ ಚೆಂದ. ಡಿಪಿಪಿಎಚ್ ಎಂಬ ಒಂದು ವಸ್ತುವಿದೆ. ಗೋಲ್ಡ್‌ಶ್ಮಿಟ್ ಮತ್ತು ರೆನ್ ಎಂಬಿಬ್ಬರು 1922ರಲ್ಲಿ ಇದನ್ನು ತಯಾರಿಸಿದರು. ಇದರ ಅಣುವಿನಲ್ಲಿ ಜೊತೆಯಿಲ್ಲದ ಒಂಟಿ ಇಲೆಕ್ಟ್ರಾನೊಂದು ಉಳಿದಿರುತ್ತದೆ. ಇಂಥ ಅಣುಗಳು ಸಾಮಾನ್ಯವಾಗಿ ಕ್ಷಣಕಾಲವೂ ನಿಲ್ಲಲಾರವು. ಇದು ಮಾತ್ರ ಬಾಟಲಿಯಲ್ಲಿ ತೆಪ್ಪಗೆ ಕುಳಿತಿರುತ್ತದೆ. ದ್ರಾವಣದ ಬಣ್ಣ ಗಾಢ ನೇರಳೆ. ಗಿಡದ ಸಾರದಲ್ಲಿರುವ ವಸ್ತುವೊಂದು ಆ ಒಂಟಿಗೆ ಜೊತೆಯನ್ನೊದಗಿಸಿದೊಡನೆ ನೇರಳೆ ಮಾಸಿ ಹಳದಿಯಾಗುತ್ತದೆ. 1958ರಲ್ಲಿ ಬ್ಲಾಯಿಸ್ ಎಂಬ ವಿಜ್ಞಾನಿ ಇದನ್ನೇ ಅಳತೆಯ ಕ್ರಮವಾಗಿ ಬಳಸಬಹುದೆಂದು ತೋರಿಸಿಕೊಟ್ಟ. ಮಿಶ್ರಣವನ್ನು ಅರ್ಧ ಗಂಟೆ ಕತ್ತಲೆಯಲ್ಲಿಟ್ಟು, 517 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಅದರಲ್ಲಿ ಎಷ್ಟು ಹೀರಲ್ಪಡುತ್ತದೆಂದು ನೋಡಿ, ಅರ್ಧದಷ್ಟು ಬಣ್ಣವನ್ನು ಕಳೆಯಲು ಎಷ್ಟು ಸಾರ ಬೇಕಾಯಿತೆಂದು ಲೆಕ್ಕಹಾಕಿ, ವಿಟಮಿನ್ ಸಿ ಜೊತೆಗಿಟ್ಟು ಹೋಲಿಸುತ್ತಾರೆ.

ಪಾಲೆಯ ಸಾರವೂ ನೇರಳೆಯನ್ನು ಮಾಸಿಸುತ್ತದೆ. ಆದರೆ ನೆಲ್ಲಿಕಾಯಿಯೂ ಮಾಸಿಸುತ್ತದೆ, ಚಹವೂ ಮಾಸಿಸುತ್ತದೆ, ನಮ್ಮೂರ ಹೋಟೆಲಿನ ಕಾಫಿಯೂ ಮಾಸಿಸುತ್ತದೆ. ಗಾಜಿನ ನಳಿಗೆಯಲ್ಲಿ ಜಠರವಿಲ್ಲ, ಯಕೃತ್ತಿಲ್ಲ, ರಕ್ತವಿಲ್ಲ. ಕುಡಿದ ವಸ್ತುವಿನಲ್ಲಿ ಎಷ್ಟು ಭಾಗ ಕರುಳನ್ನು ದಾಟಿತು, ದಾಟಿದ್ದು ಯಾವ ರೂಪ ತಾಳಿತು ಎಂಬುದಕ್ಕೆ ಬಣ್ಣ ಕಳೆದುಕೊಂಡ ದ್ರಾವಣವು ಏನನ್ನೂ ಹೇಳಲಾರದು. ಒಂದು ಬಗೆಯ ಅಣು ಇನ್ನೊಂದು ಬಗೆಯ ಅಣುವಿಗೆ ಏನು ಮಾಡಿತೆಂಬುದಷ್ಟೆ ಅದರ ಸಾಕ್ಷ್ಯ. ಈ ಅಂಕಿಯನ್ನೆತ್ತಿಕೊಂಡು ಕಷಾಯ ರೋಗಹರವೆಂದು ಸಾರುವುದು ಸಾಕ್ಷಿಯ ಬಾಯಿಯಲ್ಲಿ ಅವನಾಡದ ಮಾತನ್ನು ತುರುಕಿದಂತೆ.

ಇನ್ನು ಸಾವಿರದೊಂದು ಔಷಧಗಳ ಮಾತು. ಇದನ್ನು ನಗೆಯಾಡಿ ತಳ್ಳಿಹಾಕಬೇಕಾಗಿಲ್ಲ. ಪರೀಕ್ಷಿಸಲು ಬರುವಂಥ ಮಾತೇ ಅದು. ಹತ್ತಿಪ್ಪತ್ತು ಮರಗಳನ್ನು ಆರಿಸಿಕೊಂಡು, ಅಮಾವಾಸ್ಯೆಗೆ ಮೊದಲು, ಅಂದು, ಅನಂತರ, ಹಾಗೆಯೇ ಬೇಸಗೆಯಲ್ಲಿಯೂ, ಅದೇ ಹೊತ್ತಿಗೆ, ಅದೇ ಎತ್ತರದಿಂದ ತೊಗಟೆ ತೆಗೆಯಬೇಕು. ಯಾವ ಪುಡಿ ಯಾವ ದಿನದ್ದೆಂದು ಅಳೆಯುವವನಿಗೆ ತಿಳಿಯಬಾರದು. ಮಳೆಗಾಲದ ತೊಗಟೆಗೂ ಬೇಸಗೆಯ ತೊಗಟೆಗೂ ವ್ಯತ್ಯಾಸ ಕಂಡರೆ ನನಗೆ ಆಶ್ಚರ್ಯವಾಗದು. ಚತುರ್ದಶಿಗೂ ಅಮಾವಾಸ್ಯೆಗೂ ವ್ಯತ್ಯಾಸ ಕಂಡರೆ ಆಶ್ಚರ್ಯಪಡಲು ಸಿದ್ಧನಿದ್ದೇನೆ.

ಆದರೆ ಇವೆಲ್ಲಕ್ಕೂ ಮೊದಲು ಆಗಬೇಕಾದ ಪರೀಕ್ಷೆಯೊಂದಿದೆ. ಅದಕ್ಕೆ ಗಾಜಿನ ನಳಿಗೆ ಬೇಡ. ಈ ತೊಗಟೆ ಪಾಲೆಯದೇ ಹೌದೇ? ನಮ್ಮ ಗುಡ್ಡಗಳಲ್ಲಿ ಕಾಸರಕನ ಮರವೂ ಇದೆ. ತುಳುವರು ಕಾಯೆರ್ ಎನ್ನುತ್ತಾರೆ. ಅದರ ತೊಗಟೆಯೂ ಘೋರ ಕಹಿ, ಅದರಲ್ಲಿರುವುದೂ ಆಲ್ಕಲಾಯ್ಡುಗಳೇ; ಮೇಯರನ ದ್ರಾವಣಕ್ಕೆ ಅದೂ ಗಸಿಗಟ್ಟುತ್ತದೆ. ಆದರೆ ಆ ಆಲ್ಕಲಾಯ್ಡುಗಳ ಹೆಸರು ಸ್ಟ್ರಿಕ್ನೀನ್ ಮತ್ತು ಬ್ರೂಸೀನ್. ಮೈಯೆಲ್ಲ ಸೆಟೆದು, ಉಸಿರು ಕಟ್ಟಿ ಸಾಯಿಸುವ ವಿಷ; ಎಷ್ಟು ಕುದಿಸಿದರೂ ಹೋಗುವಂಥದಲ್ಲ. ಪಾಲೆಯೆಂದು ಬೇರೆ ತೊಗಟೆಯನ್ನು ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಂದಿದೆ.

ಇಂಥ ಪ್ರಮಾದ ನಮ್ಮದೊಂದೇ ನಾಡಿನದಲ್ಲ. 19ನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಅಂಗಡಿಗಳಿಗೆ ದಕ್ಷಿಣ ಅಮೆರಿಕದ ಆಂಗೊಸ್ಟುರ ಎಂಬ ಜ್ವರದ ತೊಗಟೆ ಬರುತ್ತಿತ್ತು. ಅದರೊಡನೆ ಬೇರೊಂದು ತೊಗಟೆ ಬೆರೆತು ಜನ ವಿಷಕ್ಕೆ ತುತ್ತಾದರು. 1819ರಲ್ಲಿ ಪೆಲೆಟಿಯೇ ಮತ್ತು ಕಾವಂಟೂ, ಮರುವರ್ಷ ಕ್ವಿನೈನನ್ನು ಬೇರ್ಪಡಿಸಿದ ಅದೇ ಇಬ್ಬರು, ಈ ಕಳ್ಳ ತೊಗಟೆಯಿಂದ ಹೊಸ ಆಲ್ಕಲಾಯ್ಡೊಂದನ್ನು ತೆಗೆದರು. ಅದು ಬ್ರೂಸಿಯ ಎಂಬ ಗಿಡದ್ದೆಂದು ನಂಬಿದ್ದರಿಂದ ಬ್ರೂಸೀನ್ ಎಂದು ಹೆಸರಿಟ್ಟರು. ಆಮೇಲೆ ತಿಳಿಯಿತು, ಅದು ಕಾಸರಕನ ತೊಗಟೆಯೆಂದು. ಹೆಸರು ಮಾತ್ರ ಹಾಗೆಯೇ ಉಳಿದುಬಿಟ್ಟಿತು.

ಹಗಲಿನಲ್ಲಿ ಈ ಎರಡು ಮರಗಳನ್ನು ತಪ್ಪು ತಿಳಿಯುವುದು ಕಷ್ಟ. 1678ರಲ್ಲಿ ಅಚ್ಚಾದ ಹೋರ್ತುಸ್ ಮಲಬಾರಿಕುಸಿನ ಮೊದಲ ಸಂಪುಟದಲ್ಲಿಯೇ ಎರಡರ ಚಿತ್ರಗಳೂ ಇವೆ. ಪಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ಏಳರಷ್ಟು ಕೊಡೆಯಂತೆ ಹರಡಿರುತ್ತವೆ. ಸಪ್ತಪರ್ಣಿಯೆಂಬ ಹೆಸರು ಬಂದುದೇ ಅದರಿಂದ. ಕಾಯಿ ದಾರದಂತೆ ಉದ್ದ, ಜೋಡಿಜೋಡಿ. ಗಾಯವಾದಲ್ಲಿ ಬಿಳಿಯ ಹಾಲು ಜಿನುಗುತ್ತದೆ. ಕಾಸರಕನಿಗೆ ಎಲೆ ಎದುರುಬದುರಾಗಿ ಎರಡೆರಡೇ, ಬುಡದಿಂದಲೇ ಕವಲೊಡೆದ ನರಗಳು, ಕಿತ್ತಳೆಯಂಥ ಉರುಟು ಹಣ್ಣು, ಹಾಲಿಲ್ಲ. ಆದರೆ ನಾವು ಹೋಗುವುದು ಕತ್ತಲೆಯಲ್ಲಿ, ಆಟಿಯ ಮಳೆಯಲ್ಲಿ. ಎಲೆಯಿರುವುದು ತಲೆಯ ಮೇಲೆ ಬಹಳ ಎತ್ತರದಲ್ಲಿ, ಕೈಗೆ ಸಿಗುವುದು ಒದ್ದೆಯಾದ ಕಾಂಡ ಮಾತ್ರ. ಹಿಂದೆ ಮರದ ಗುರುತು ಮನೆಯ ಅಜ್ಜನಿಗಿತ್ತು. ಈಗ ಪೇಟೆಯ ಮನೆಗಳಿಗೆ ಕೆತ್ತೆ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ, ಯಾರೋ ತಂದು ಕೊಟ್ಟದ್ದು. ಅದಕ್ಕೆ ಎಲೆಯೂ ಇಲ್ಲ, ಕಾಯಿಯೂ ಇಲ್ಲ.

ಆದುದರಿಂದ ಕೇಳಿದವರಿಗೆ ನಾನು ಈಗ ಹೇಳುವುದಿಷ್ಟೆ: ಅಮಾವಾಸ್ಯೆಗೆ ಎರಡು ದಿನ ಮೊದಲೇ, ಹಗಲಿನಲ್ಲಿ, ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ, ಕೆಳಗೆ ಬಿದ್ದ ಎಲೆಯನ್ನಲ್ಲ, ಕೊಂಬೆಯಲ್ಲಿರುವ ಎಲೆಯನ್ನು ನೋಡಿ, ಕಾಂಡಕ್ಕೊಂದು ದಾರ ಕಟ್ಟಿ ಬನ್ನಿ. ತಾನೇ ನೋಡದ ಮರದ ಕೆತ್ತೆಯನ್ನು ಮಕ್ಕಳಿಗೆ ಕುಡಿಸಬೇಡಿ.