ಎಳೆಯ ಮಕ್ಕಳ ಬೆರಳಚಿತ್ರ

ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ಅದರ ಕೈಗೆ ಬಳಪವನ್ನು ಕೊಟ್ಟು ಅಕ್ಷರ ತಿದ್ದಿಸುವ ಆತುರವು ನಮ್ಮ ಪಟ್ಟಣಗಳಲ್ಲಿ ಬಹಳವಾಗಿದೆ. ಆ ಕೈ ಬಳಪಕ್ಕೆ ಸಿದ್ಧವಾಗಿದೆಯೆ ಎಂದು ಕೇಳುವವರು ಕಡಮೆ. ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಹುಟ್ಟುವಾಗ ಅವು ಬಹುಮಟ್ಟಿಗೆ ಮೃದ್ವಸ್ಥಿಯಷ್ಟೆ. ಒಂದೊಂದಾಗಿ ಗಟ್ಟಿಗೊಳ್ಳುತ್ತ ಬಂದು, ಕಡೆಯದು ಗಟ್ಟಿಯಾಗತೊಡಗುವುದು ಸಾಮಾನ್ಯವಾಗಿ 8ರಿಂದ 12ನೆಯ ವರ್ಷದೊಳಗೆ. ಹೀಗಿರುವಾಗ ಮೂರು ಬೆರಳಿನಿಂದ ಬಳಪವನ್ನು ಬಿಗಿಹಿಡಿಯೆಂದು ಕೂಸನ್ನು ಗದರಿಸುವುದು ನ್ಯಾಯವಲ್ಲ. ಗದುಗಿನ ಕುಮಾರವ್ಯಾಸನು ಹಲಗೆ ಬಳಪಗಳನ್ನು ಹಿಡಿಯದೆಯೇ ಕಾವ್ಯ ರಚಿಸಿದ್ದನ್ನು ತನ್ನ ಹೆಮ್ಮೆಗಳಲ್ಲಿ ಒಂದೆಂದು ಹೇಳಿಕೊಂಡನು. ನಮ್ಮ ಮಕ್ಕಳಿಗೆ ಆ ಹೆಮ್ಮೆಯನ್ನು ಒಂದೆರಡು ವರ್ಷದ ಮಟ್ಟಿಗಾದರೂ ಬಿಟ್ಟುಕೊಡಬಾರದೆ?

ಬಳಪಕ್ಕೆ ಮುಂಚೆ ಆ ಕೈಗೆ ತಕ್ಕ ಕೆಲಸವೆಂದರೆ ಬೆರಳಚಿತ್ರ. ಒದ್ದೆಯಾದ ಬಣ್ಣದ ಗಂಜಿಯನ್ನು ಕಾಗದದ ಮೇಲೆ ಹರಡಿ ಬೆರಳು, ಅಂಗೈ, ಮುಷ್ಟಿಗಳಿಂದ ಗೀರುವುದು. ಇದರಲ್ಲಿ ಮೊದಲು ಭುಜವೂ ತೋಳೂ ಆಡುವುವು. ಬೆರಳಿನ ನಯವು ಮೆಲ್ಲಗೆ ಹಿಂದಿನಿಂದ ಬರುವುದು. ಕೈ ಬಲಿಯುವ ಕ್ರಮವೂ ಅದೇ.

ಅಮೆರಿಕದ ರೂತ್ ಫೈಸನ್ ಷಾ ಎಂಬ ಉಪಾಧ್ಯಾಯಿನಿ ರೋಮ್ ನಗರದಲ್ಲಿ ಮಕ್ಕಳ ಶಾಲೆಯನ್ನು ನಡೆಸುತ್ತಿದ್ದಾಗ ಇದನ್ನೊಂದು ಬೋಧನಕ್ರಮವಾಗಿ ರೂಪಿಸಿ, 1934ರಲ್ಲಿ ಅದರ ಮೇಲೆ ಗ್ರಂಥವನ್ನು ಪ್ರಕಟಿಸಿದರು. ಆದರೆ ಕೆಲಸ ಮಾತ್ರ ಬಹಳ ಹಳೆಯದು. ಫ್ರಾನ್ಸಿನ ರೂಫಿನ್ಯಾಕ್ ಗವಿಯ ಮೆತ್ತನೆಯ ಗೋಡೆಗಳಲ್ಲಿ ಸುಮಾರು 13,000 ವರ್ಷಗಳ ಹಿಂದಿನ ಬೆರಳಗೀರುಗಳಿವೆ. ಬೆರಳುಗಳ ಅಗಲವನ್ನು ಅಳೆದ ವಿದ್ವಾಂಸರು, ಅವುಗಳಲ್ಲಿ ಹಲವು ಎಳೆಯ ಮಕ್ಕಳವೆಂದು ಕಂಡುಕೊಂಡಿದ್ದಾರೆ. ಕೆಲವು ಗೀರುಗಳು ಕೂಸಿನ ಕೈಗೆ ನಿಲುಕದಷ್ಟು ಎತ್ತರದಲ್ಲಿವೆ. ಯಾರೋ ಹಿರಿಯರು ಮಗುವನ್ನು ಎತ್ತಿ ಹಿಡಿದಿರಬೇಕು.

ಅಷ್ಟು ದೂರವಾದರೂ ಏಕೆ ಹೋಗಬೇಕು? ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಹಬ್ಬಗಳೇ ಮಕ್ಕಳ ಕೈಯನ್ನು ಒದ್ದೆಮಾಡುವುವು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರ ಗುಳ್ಳವ್ವ. ದೀಪಾವಳಿಗೆ ಹೊಸ್ತಿಲ ಬಳಿ ಸೆಗಣಿಯ ಹಟ್ಟೆವ್ವ, ಅವಳ ಮುಡಿಗೆ ಹುಚ್ಚೆಳ್ಳಿನ ಹೂವು. ಕೃಷ್ಣಜಯಂತಿಯಂದು ಮುಷ್ಟಿಯ ಅಂಚನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ ನೆಲಕ್ಕೊತ್ತಿ, ಮೇಲೆ ಐದು ಬೊಟ್ಟಿಟ್ಟರೆ ಬಾಲಕೃಷ್ಣನ ಪಾದ. ಬೆರಳಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವನ್ನು ನಾನರಿಯೆ. ಹಬ್ಬದ ಕೆಲಸಕ್ಕೂ ನಾವು ಹೇಳುತ್ತಿರುವ ಆಟಕ್ಕೂ ಒಂದೇ ಭೇದ: ಅಲ್ಲಿ ಆಕಾರವು ಮೊದಲೇ ಗೊತ್ತಾಗಿದೆ, ಇಲ್ಲಿ ಅದನ್ನು ಮಗುವೇ ಕಂಡುಕೊಳ್ಳಬೇಕು.

ಸಾಮಗ್ರಿ ಸುಲಭ. ಒಂದು ಬಟ್ಟಲು ಅಕ್ಕಿಹಿಟ್ಟನ್ನು ನಾಲ್ಕು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಗಂಜಿ ಮಾಡಿ, ಪೂರ್ತಿ ಆರಿಸತಕ್ಕದ್ದು. ಕೆಂಪಿಗೆ ಬೀಟ್‌ರೂಟಿನ ರಸ, ಹಸುರಿಗೆ ಪಾಲಕ್, ಹಳದಿಗೆ ಮನೆಯಲ್ಲಿ ಕುಟ್ಟಿದ ಅರಿಸಿನ. ಅರಿಸಿನದ ಗಂಜಿಗೆ ಚಿಟಿಕೆ ಅಡಿಗೆ ಸೋಡ ಬೆರೆಸಿದರೆ ಅದು ಕೆಂಪಿಗೆ ತಿರುಗುವುದು. ಮಕ್ಕಳಿಗೆ ಇದೊಂದು ಇಂದ್ರಜಾಲ. ಮುದ್ರಣಕಾಶಿಯೆನಿಸಿದ ಗದಗಿನಲ್ಲಿ ಕಾಗದಕ್ಕೆ ಬರವಿಲ್ಲ. ಅಚ್ಚುಕೂಟದಲ್ಲಿ ಕತ್ತರಿಸಿ ಉಳಿದ, ಅಚ್ಚಾಗದ ನುಣುಪು ಕಾಗದವನ್ನು ಕೇಳಿ ತಂದು, ನೀರಿನಿಂದ ಒರಸಿ ಹಲಗೆಯ ಮೇಲೆ ಹಾಸಿದರೆ ಸಾಕು.

ಮಳೆ ಕಡಮೆಯಾದ ಈ ಸೀಮೆಯಲ್ಲಿ ಅನ್ನದ ಹಿಟ್ಟನ್ನು ಆಟಕ್ಕೆ ಚೆಲ್ಲುವುದು ಸರಿಯೆ ಎಂದು ಹಿರಿಯರೊಬ್ಬರು ಕೇಳಿದರೆ, ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಬಾಯಿಗೆ ಕೈಯಿಡುವ ವಯಸ್ಸು ದಾಟಿದ ಮಕ್ಕಳಿಗೆ ಮಣ್ಣೇ ಆಗಬಹುದು. ಎರೆಯ ಕಪ್ಪು, ಮಸಾರಿಯ ಕೆಂಪು, ಎರಡೂ ಇಲ್ಲಿಯ ಹೊಲಗಳಲ್ಲಿವೆ. ಬೀದಿಯ ಮಣ್ಣು ಬೇಡ. ಹೊಲದಲ್ಲಿ ಮೇಲ್ಪದರವನ್ನು ತೆಗೆದು ಅಡಿಯದನ್ನು ತಂದು, ಒಣಗಿಸಿ, ಹೆಂಚಿನ ಮೇಲೆ ಚೆನ್ನಾಗಿ ಹುರಿದು, ಜರಡಿ ಹಿಡಿಯಬೇಕು. ಕೈಯಲ್ಲಿ ಗಾಯವಿದ್ದ ದಿನ ಆಟವಿಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಗೋಡೆಯ ಸುಣ್ಣವನ್ನು ಮಕ್ಕಳ ಕೈಗೆ ಎಂದಿಗೂ ಕೊಡಬಾರದು. ಅದು ಚರ್ಮವನ್ನು ಸುಡುವುದು, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಓಕುಳಿಗೆಂದು ಮಾರುವ ಪುಡಿಗಳೂ ಅಂಗಡಿಯ ಬಿಡಿ ಕುಂಕುಮವೂ ಬೇಡ. ಬಿಡಿಯಾಗಿ ಮಾರುವ ಅರಿಸಿನದಲ್ಲಿಯೂ ಬಣ್ಣವೇರಲೆಂದು ಸೀಸದ ಲವಣವನ್ನು ಬೆರೆಸುವ ಕಲಬೆರಕೆ ಹಲವೆಡೆ ಸಿಕ್ಕಿಬಿದ್ದಿದೆ. ಸೀಸವು ಎಳೆಯ ಮಿದುಳಿಗೆ ಮಾಡುವ ಹಾನಿಯನ್ನು ಸರಿಪಡಿಸುವ ಔಷಧವಿಲ್ಲ. ಅಡಿಗೆಮನೆಯ ಬಣ್ಣವೆಂದ ಮಾತ್ರಕ್ಕೆ ನಿರ್ಭಯವೆಂದು ತಿಳಿಯಬಾರದು. ಕೊಂಬನ್ನು ತಂದು ಕುಟ್ಟಿರೆಂದದ್ದು ಇದಕ್ಕಾಗಿಯೇ.

ಇನ್ನು ಹಿರಿಯರ ನಡತೆ. ಕೆಲವು ಮಕ್ಕಳು ಗಂಜಿಯನ್ನು ಮುಟ್ಟಿದೊಡನೆಯೇ ಕೈ ಹಿಂದೆಗೆಯುವುವು. ಕೆಲವಕ್ಕೆ ಅದು ಹುಟ್ಟುಗುಣ. ಬಹಳ ಮಕ್ಕಳಿಗೆ “ಛೀ, ಕೊಳೆ” ಎಂಬ ಮಾತು ಕಲಿಸಿದ ಅಂಜಿಕೆ. ಬಲವಂತ ಕೂಡದು. ಪಕ್ಕದಲ್ಲಿ ಕುಳಿತು ತಾವೇ ಒಂದು ಬೆರಳದ್ದಿದರೆ, ಇಂದಲ್ಲ ನಾಳೆ ಮಗುವೂ ಅದ್ದುವುದು. ಎರಡರ ವಯಸ್ಸಿನಲ್ಲಿ ಬರಿಯ ಗೀಚು. ಮೂರರ ಸುಮಾರಿಗೆ ಗೆರೆಯ ಎರಡು ತುದಿ ಕೂಡಿ ವೃತ್ತವಾಗುವುದು. ನಾಲ್ಕರ ಹೊತ್ತಿಗೆ ಆ ವೃತ್ತಕ್ಕೆ ಕಣ್ಣು ಮೂಡಿ, ಅಡಿಯಲ್ಲಿ ಎರಡು ಕಾಲಿಳಿದು ಗೊದಮೊಟ್ಟೆಯಂಥ ಮನುಷ್ಯನಾಗುವನು. ಅವನಿಗೆ ಹೊಟ್ಟೆಯಿಲ್ಲವೆಂದು ತಿದ್ದಹೋಗಬೇಡಿ. “ಇದೇನು?” ಎಂದು ಕೇಳುವುದೂ ಅಷ್ಟು ಹಿತವಲ್ಲ, ಹೆಸರಿಲ್ಲದುದಕ್ಕೆ ಹೆಸರು ಹುಡುಕುವ ಕಷ್ಟ ಮಗುವಿಗೆ ಬರುತ್ತದೆ. ಚಿತ್ರವನ್ನು ಮಗು ಅಳಿಸಿ ಮತ್ತೆ ಬರೆದರೂ ಸುಮ್ಮನಿರಿ. ಬೆರಳಚಿತ್ರದಲ್ಲಿ ತಪ್ಪಿದ್ದನ್ನು ಅಂಗೈಯಿಂದ ಒಮ್ಮೆ ಸವರಿದರೆ ಕಾಗದ ಹೊಸದಾಗುತ್ತದೆ. ಹಲಗೆಯ ಮುಂದೆ ಅಳುವ ಮಗು ಇಲ್ಲಿ ನಗುವುದು ಇದರಿಂದಲೇ.

ಒಣಗಿದ ಕಾಗದ ಸುರುಳಿಗೊಂಡರೆ, ಬೆನ್ನಿನ ಕಡೆಯಿಂದ ಉಗುರುಬೆಚ್ಚಗಿನ ಇಸ್ತ್ರಿಯನ್ನು ಹಾಯಿಸಬಹುದು. ಅಲ್ಲಿಯೇ ತಾರೀಖನ್ನೂ, ಮಗು ತಾನಾಗಿ ಏನಾದರೂ ಹೇಳಿದ್ದರೆ ಅದನ್ನು ಅದರ ಮಾತಿನಲ್ಲಿಯೇ ಬರೆದಿಡಿ. ಬೀಟ್‌ರೂಟಿನ ಕೆಂಪು ಬೆಳಕಿಗೆ ಬೇಗ ಮಾಸುವುದರಿಂದ ಗೋಡೆಗಿಂತ ಪೆಟ್ಟಿಗೆ ಲೇಸು.